ಕಡೆಯುವ ಕಲ್ಲು ಸ್ಪೇನಿಗೆ ಹೋದದ್ದು

“ಭಾವಾ, ದೋಣಿ ಕಟ್ಟುವವನ ಮಗನ ಕೈಗೆ ಗಾಡಿ ಕೊಟ್ಟಿದ್ದೀರಲ್ಲ, ಇದು ಸ್ಪೇನಿನಲ್ಲಿ ಓಡ್ತದೋ, ಮುಳುಗ್ತದೋ?”

ಲಾನ್ಸೆಲೊಟ್ ಹೀಗೆ ಕೇಳಿದ್ದು ಬಹರೈನಿನ ಮನಾಮಾದ ಇಗರ್ಜಿಯ ಅಂಗಳದಲ್ಲಿ, ರಜೆಯ ದಿನವಾದ ಶುಕ್ರವಾರದ ಪೂಜೆ ಬಿಟ್ಟ ಹೊತ್ತಿಗೆ. ಸುತ್ತ ಮೂವತ್ತು ಜನರಾದರೂ ಇದ್ದರು. ಅವನ ಭಾವ ಹರ್ಬರ್ಟ್ ಪೊರ್ಬುಗಳು ಹೊಸದಾಗಿ ಕೊಂಡ ಹಳೇ ವ್ಯಾನನ್ನು ಎಲ್ಲರಿಗೂ ತೋರಿಸಲು ಅಲ್ಲಿಗೆ ತಂದಿದ್ದರು. ಊರ ಕ್ರಿಸ್ತಾನರನ್ನು ನಾವು ಮರ್ಯಾದೆಗೆ ಪೊರ್ಬುಗಳು ಎಂದೇ ಕರೆಯುವುದು. ಅಲ್ಲೇ ಅಳತೆ ತೆಗೆಯುವಾ ಬಾ ಎಂದು ನನ್ನನ್ನೂ ಕರೆಸಿದ್ದರು. ನಾನು ಹಿಂಬಾಗಿಲಲ್ಲಿ ಅಳತೆಪಟ್ಟಿ ಹಿಡಿದು ಮೊಣಕಾಲೂರಿದ್ದೆ.

“ಐದನೇ ಕ್ಲಾಸೂ ಮುಗಿಸಿಲ್ಲಂತೆ ಬ್ಯಾರಿ. ಆ ಪಟ್ಟಿಯಲ್ಲಿ ನಂಬರ್ ಓದ್ಲಿಕ್ಕೆ ಬರ್ತದಾ ಕೇಳಿ ಮೊದಲು.”

ಎಲ್ಲರೂ ನಕ್ಕರು. ಇಸ್ತ್ರಿ ಹಾಕಿದ ಅಂಗಿಯವರು ನಕ್ಕರು, ಮಕ್ಕಳನ್ನು ಎತ್ತಿಕೊಂಡವರು ನಕ್ಕರು. ಪಾಪ, ಹರ್ಬರ್ಟ್ ಪೊರ್ಬುಗಳೂ ತುಟಿ ಸ್ವಲ್ಪ ಅಗಲಿಸಿದರು. ನನ್ನ ಕಿವಿ ಸುಟ್ಟುಹೋಯಿತು. ಅಳತೆಪಟ್ಟಿಯನ್ನು ಅವನ ಬಾಯಿಗೆ ತುರುಕಬೇಕು ಅನಿಸಿತು. ಐದನೇ ಕ್ಲಾಸು ಬಿಟ್ಟದ್ದು ನಿಜ. ಮಂಗಳೂರಿನ ಬೆಂಗ್ರೆಯಲ್ಲಿ ನನ್ನ ಬಾಪ ಮಂಜಿ, ಅಂದರೆ ಸರಕು ಸಾಗಿಸುವ ಮರದ ದೊಡ್ಡ ದೋಣಿ, ಕಟ್ಟುತ್ತಿದ್ದರು, ಹಲಗೆಯ ಆ ಬದಿ ಹಿಡಿಯಲು ಒಬ್ಬ ಬೇಕಿತ್ತು, ಆ ಒಬ್ಬ ನಾನು. ಅದರಲ್ಲಿ ನಗುವಂಥದ್ದು ಏನಿದೆ?

ಗಾಡಿಯೊಳಗಿಂದ ಹರ್ಬರ್ಟ್ ಪೊರ್ಬುಗಳ ಹೆಂಡತಿ, ಲಾನ್ಸೆಲೊಟ್‌ನ ಅಕ್ಕ, ಕ್ಲಾರಾ ಬಾಯಿ ತಲೆ ಹೊರಗೆ ಹಾಕಿದರು. “ಲಾನ್ಸಿ, ನಿನ್ನ ಮನೆಯ ಅಡಿಗೆ ಕಪಾಟಿನ ಬಾಗಿಲು ಎರಡು ವರ್ಷದಿಂದ ಜೋತು ಬಿದ್ದಿದೆ. ಅದನ್ನು ಸರಿ ಮಾಡಿ ಬಾ, ಆಮೇಲೆ ಮಾತಾಡು.”

ಹರ್ಬರ್ಟ್ ಪೊರ್ಬುಗಳು ಬಹರೈನಿಗೆ ಬಂದು ಇಪ್ಪತ್ತೆರಡು ವರ್ಷ. ಹಡಗಿನ ಆಫೀಸೊಂದರಲ್ಲಿ ಟೈ ಕಟ್ಟಿಕೊಂಡು ಕಾಗದ ಬರೆದೇ ತಲೆ ಬೆಳ್ಳಗಾಗಿತ್ತು. ಕ್ಲಾರಾ ಬಾಯಿ ನರ್ಸು. ಮಕ್ಕಳಿಲ್ಲ. ಎಂಬತ್ತಮೂರನೇ ಇಸವಿಯಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಬಿಟ್ಟರು. ಊರಿಗೆ ಹೋಗಿ ಕೂರುವ ಮೊದಲು ಮೂರು ತಿಂಗಳು ಸ್ಪೇನ್ ಸುತ್ತುವುದು, ಗೋವೆಯಲ್ಲಿ ಮಲಗಿರುವ ಸಂತ ಸಾಂ ಫ್ರಾನ್ಸಿಸ್ ಸಾವೆರ್ ಹುಟ್ಟಿದ ಕೋಟೆ ನೋಡುವುದು, ಹೋಟೆಲು ಬೇಡ, ಮನೆಯನ್ನೇ ಜೊತೆಗೆ ಒಯ್ಯುವುದು. ಇದು ಕ್ಲಾರಾ ಬಾಯಿಯ ಹಟ. ಗಾಡಿ ಹಡಗಿನಲ್ಲಿ ಬಾರ್ಸಿಲೋನಕ್ಕೆ, ಇವರು ವಿಮಾನದಲ್ಲಿ.

ನಾನು ಗುದೈಬಿಯಾದ ಮರದ ಅಂಗಡಿಯಲ್ಲಿ ಬೇರೆಯವರು ಮಾಡಿದ ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದೆ. ಈ ಗಾಡಿಯೊಳಗೆ ಮನೆ ಕಟ್ಟುವುದು ಪೂರ್ತಿ ನನ್ನ ಕೈಯಿಂದ ಹೊರಡುವ ಮೊದಲ ಕೆಲಸ. ಚೆನ್ನಾಗಿ ಬಂದರೆ ನನ್ನ ಹೆಸರು. ಕಳಚಿ ಬಿದ್ದರೆ ಬಹರೈನಿನಲ್ಲಿ ಇರುವಷ್ಟು ದಿನ ಉಜ್ಜುಗೊರಡು.

ಮಂಚ, ಕಪಾಟು, ಒಲೆಯ ಕಟ್ಟೆ, ಇದೆಲ್ಲ ತಲೆನೋವಲ್ಲ. ತಲೆನೋವು ಬಂದದ್ದು ಕ್ಲಾರಾ ಬಾಯಿ ತಮ್ಮ ಮನೆಯ ಕಡೆಯುವ ಕಲ್ಲನ್ನು, ದೋಸೆಗೆ ರುಬ್ಬುವ ಆ ದೊಡ್ಡ ಕಲ್ಲನ್ನು, ತೋರಿಸಿದಾಗ.

“ಇದಕ್ಕೂ ಒಂದು ಜಾಗ ಮಾಡು ಪುತಾ.”

“ಬಾಯೀ, ಇದು ಗಾಡಿಗೆ?”

“ಮತ್ತೆ? ಮೂರು ತಿಂಗಳು ಬ್ರೆಡ್ಡು ತಿಂದು ಸಾಯ್ಲಿಕ್ಕೆ ನಾನು ಹೋಗುದಿಲ್ಲ. ಗಾಡಿಯಲ್ಲಿ ಮಿಕ್ಸಿಗೆ ಕರೆಂಟ್ ಎಲ್ಲಿಂದ ತರುದು?”

ಲಾನ್ಸೆಲೊಟ್ ಇದು ಗೊತ್ತಾದ ದಿನವೇ ಅಂಗಡಿಗೆ ಬಂದ. ಅವನು ಅಸ್ಕರ್‌ನ ಅಲ್ಯುಮಿನಿಯಂ ಕಾರ್ಖಾನೆಯಲ್ಲಿ ಎಂಜಿನಿಯರ್. ಲೋಹವಲ್ಲದ್ದು ಅವನಿಗೆ ವಸ್ತುವೇ ಅಲ್ಲ. “ಬ್ರೇಕ್ ಹಾಕಿದ ಕೂಡಲೇ ಈ ಕಲ್ಲು ಹಾರಿ ಭಾವನ ತಲೆಗೆ ಬೀಳ್ತದೆ. ಸ್ಟೀಲ್ ಪಟ್ಟಿ ವೆಲ್ಡ್ ಮಾಡು, ಬೋಲ್ಟ್ ಬಿಗಿ. ಹಗ್ಗ ಗಿಗ್ಗ ತಂದೀಯಾ, ಜಾಗ್ರತೆ!”

ನಾನು ಹಗ್ಗವನ್ನೇ ತಂದೆ. ದೋಣಿ ರಿಪೇರಿ ಮಾಡುವಲ್ಲಿಂದ ತೆಂಗಿನ ನಾರಿನ ಹಗ್ಗ. ಮೊಳೆ ಅಲೆಯ ಜೊತೆ ಜಗಳಕ್ಕೆ ನಿಲ್ಲುತ್ತದೆ, ಹಗ್ಗ ಅಲೆಯ ಜೊತೆ ಬಳುಕುತ್ತದೆ ಎಂದು ಬಾಪ ಹೇಳುತ್ತಿದ್ದರು. ಹಾಗಾಗಿ ಹಳೇ ಕಾಲದವರು ಹಲಗೆಗೆ ಹಲಗೆ ಹೊಲಿದರು. ಖಾಲಿ ಮಂಜಿಯನ್ನು ಯಾರೂ ಕಡಲಿಗೆ ಇಳಿಸುವುದಿಲ್ಲ, ಹೊಟ್ಟೆಯಲ್ಲಿ ಕಲ್ಲು ಹೇರಿಯೇ ಇಳಿಸುವುದು, ಇಲ್ಲದಿದ್ದರೆ ಗಾಳಿಗೆ ತೊಯ್ದಾಡುತ್ತದೆ. ಕಲ್ಲು ಭಾರ ಎಂದು ಹೆದರುವವನು ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವನು. ಎರಡು ಹಿಂದಿನ ಚಕ್ರಗಳ ನಡುವೆ, ಗಾಡಿಯ ನೆಲಕ್ಕಿಂತ ತಗ್ಗಿನಲ್ಲಿ ಸಾಗುವಾನಿಯ ಚೌಕಟ್ಟು ಕೂರಿಸಿದೆ. ಅಡಿಗೆ ನಾರಿನ ಹಾಸು. ಸುತ್ತ ತೂತು ಕೊರೆದು, ಹಗ್ಗವನ್ನು ಗಾಡಿಯ ಕಬ್ಬಿಣದ ಎಲುಬಿಗೆ ಹೊಲಿದೆ. ಗುಂಡನ್ನು ಬೇರೆ ಕಟ್ಟಿದೆ. ಕಪಾಟುಗಳನ್ನೂ ಹಾಗೇ ಹೊಲಿದೆ.

ಕಲ್ಲಿನ ಮುಂದಿನ ಮಣೆ ಎಷ್ಟು ಎತ್ತರ ಬೇಕೆಂದು ಅಳತೆಪಟ್ಟಿಗೆ ಗೊತ್ತಿಲ್ಲ. “ಬಾಯೀ, ಒಮ್ಮೆ ಕೂತು ಕಡೆಯಿರಿ” ಅಂದೆ. ಅವರು ಏನೂ ಹಾಕದೆ ಬರೀ ಗುಂಡು ತಿರುಗಿಸಿದರು. ಮೊಣಕೈ ತಲುಪಿದಲ್ಲಿ ಹಲಗೆಯ ಮೇಲೆ ಪೆನ್ಸಿಲು ಗೆರೆ ಎಳೆದೆ. ಮಣೆಯನ್ನು ಮೂರು ಸಲ ತಗ್ಗಿಸಿದೆ. ನಾಲ್ಕನೇ ಸಲ ಅವರು ಹಾಡು ಗುನುಗುತ್ತಾ ತಿರುಗಿಸಿದರು. ಅಲ್ಲಿಗೆ ಸರಿಯಾಯಿತು ಎಂದು ನನಗೆ ತಿಳಿಯಿತು.

ಗಾಡಿ ಹೋಯಿತು. ಅವರೂ ಹೋದರು. ನಾನು ಮತ್ತೆ ಉಜ್ಜುಗೊರಡು ಹಿಡಿದೆ. ಜೊತೆಯಲ್ಲಿ ಕೆಲಸ ಮಾಡುವ ಅಬ್ದುಲ್ ಹಕೀಂ ದಿನಾ ಕೆಣಕುತ್ತಿದ್ದ: “ಏನಾ, ನಿನ್ನ ಮಂಜಿ ದಡ ಸೇರಿತಾ?” ಎರಡು ತಿಂಗಳು ಸುದ್ದಿಯೇ ಇಲ್ಲ. ಕನಸಿನಲ್ಲಿ ಹಗ್ಗ ಬಿಚ್ಚುತ್ತಿತ್ತು.

ಆಮೇಲೆ ಒಂದು ಕ್ಯಾಸೆಟ್ ಬಂತು. ಆಗ ಕಾಗದದ ಬದಲು ಎಲ್ಲರೂ ಕ್ಯಾಸೆಟ್ಟಿನಲ್ಲೇ ಮಾತಾಡಿ ಕಳಿಸುತ್ತಿದ್ದರು. ಲಾನ್ಸೆಲೊಟ್‌ನ ಹೆಸರಿಗೆ ಬಂದಿತ್ತು, ಮೇಲೆ ಚೀಟಿ: ಮೊಯಿದಿನ್‌ನನ್ನು ಕೂರಿಸಿಯೇ ಹಾಕಬೇಕು. ಮೊಯಿದಿನ್ ಅಂದರೆ ನಾನು. ಶುಕ್ರವಾರ ಸಂಜೆ ಗುದೈಬಿಯಾದ ಅವನ ಫ್ಲ್ಯಾಟಿಗೆ ಹೋದೆ. ಇಗರ್ಜಿಯಲ್ಲಿ ನಕ್ಕ ಮುಖಗಳೇ ಹದಿನೈದು ಇದ್ದವು. ಬಾಗಿಲ ಹತ್ತಿರದ ಕುರ್ಚಿ ನನಗೆ. ಲಾನ್ಸೆಲೊಟ್‌ನ ಹೆಂಡತಿ ಪೆಟ್ರೊನಿಲ್ಲಾ ಬಾಯಿ ಚಹಾ ಕೊಟ್ಟರು.

ಕ್ಲಾರಾ ಬಾಯಿಯ ಕೊಂಕಣಿ ಅರ್ಧಕ್ಕರ್ಧ ನನಗೆ ತಿಳಿಯುತ್ತದೆ. ಬೆಳಿಗ್ಗೆ ಹಳ್ಳಿಯ ನಲ್ಲಿಯಿಂದ ಹರ್ಬರ್ಟ್ ಪೊರ್ಬುಗಳೇ ನೀರು ತರುತ್ತಾರಂತೆ. ಇಪ್ಪತ್ತೆರಡು ವರ್ಷ ಟೈ ಕಟ್ಟಿದ ಮನುಷ್ಯ ಈಗ ಲುಂಗಿ ಉಟ್ಟು, ಹುಲ್ಲಿನ ಹ್ಯಾಟ್ ಇಟ್ಟು, ಗಾಡಿಯಿಂದ ಆಲಿವ್ ಮರಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರಂತೆ. ದೂರದಿಂದ ಹರ್ಬರ್ಟ್ ಪೊರ್ಬುಗಳ ಸ್ವರ: “ಅದನ್ನೆಲ್ಲ ಯಾಕೆ ಹೇಳ್ತಿ?” “ನೀವು ಮ್ಯಾಪ್ ತಲೆಕೆಳಗೆ ಹಿಡಿದು ನಲುವತ್ತು ಮೈಲಿ ಹಿಂದೆ ಹೋದದ್ದನ್ನೂ ಹೇಳ್ತೇನೆ.” ಗಾಡಿ ಅಲುಗುವುದಕ್ಕೆ ದೋಸೆ ಹಿಟ್ಟು ಊರಿಗಿಂತ ಚೆನ್ನಾಗಿ ಹುಳಿ ಬರುತ್ತದಂತೆ. ಪಕ್ಕದ ಗಾಡಿಯ ಜರ್ಮನ್ ಮುದುಕಿ ದಿನಾ ತಟ್ಟೆ ಹಿಡಿದು ಬರುತ್ತಾಳಂತೆ. ಕೋಟೆಯನ್ನೂ ನೋಡಿಯಾಯಿತು. ಆ ಮಾತು ಬಂದಾಗ ಪೆಟ್ರೊನಿಲ್ಲಾ ಬಾಯಿ ಶಿಲುಬೆಯ ಗುರುತು ಹಾಕಿಕೊಂಡರು.

ಹಠಾತ್ತನೆ ತುಳು ಬಂತು. ನನಗೆ ಎಂದು ಗೊತ್ತಾಯಿತು.

“ಮೊಯಿದಿನ್, ನಿನ್ನ ದೊಡ್ಡ ಕಪಾಟಿನ ಬಾಗಿಲು ಇಲ್ಲಿಯ ಮಳೆಗೆ ಉಬ್ಬಿ ಮೂರು ದಿನ ತೆಗೀಲಿಕ್ಕೇ ಬರಲಿಲ್ಲ ಮಾರಾಯ. ನನ್ನ ಸೀರೆ ಎಲ್ಲ ಒಳಗೆ. ಇವರ ಪ್ಯಾಂಟ್ ಹಾಕಿಕೊಂಡು ತಿರುಗಿದೆ!”

ಲಾನ್ಸೆಲೊಟ್ ತೊಡೆ ತಟ್ಟಿ ನಕ್ಕ. “ಹೇಳಿದೆನಲ್ಲ!” ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು. ಮರ ನೀರು ಕುಡಿಯುತ್ತದೆ ಎಂದು ದೋಣಿಯವನ ಮಗನಿಗೆ ಯಾರಾದರೂ ಕಲಿಸಬೇಕಾ? ಮಳೆಯೇ ಇಲ್ಲದ ಬಹರೈನಿನಲ್ಲಿ ಕೂತು ಮರೆತುಬಿಟ್ಟಿದ್ದೆ. ತಪ್ಪು ನನ್ನದೇ.

ಕ್ಯಾಸೆಟ್ ನಿಲ್ಲಲಿಲ್ಲ.

“ಮೊನ್ನೆ ಗುಡ್ಡ ಇಳಿಯುವಾಗ ತಿರುವಿನಲ್ಲಿ ಒಂದು ಕುರಿಮಂದೆ. ಇವರು ಬ್ರೇಕ್ ಹಾಕಿದ್ದೇ ಗಾಡಿ ಜಾರಿ ಚರಂಡಿಗೆ ಇಳೀತು. ನಾನು ಜಪ ಶುರು ಮಾಡಿದೆ. ಹಿಂದೆ ನೋಡ್ತೇನೆ, ಒಂದು ಪಿಂಗಾಣಿ ಒಡೆದಿಲ್ಲ. ಕಲ್ಲು ಇಟ್ಟಲ್ಲೇ ಇದೆ. ಟ್ರಾಕ್ಟರಿನವನು ಎಳೆದು ಮೇಲೆ ಹಾಕಿದ. ಒಳಗೆ ಇಣುಕಿ ನೋಡಿ, ಹಿಂದೆ ಭಾರ ಇದ್ದದ್ದಕ್ಕೆ ಮಗುಚಲಿಲ್ಲ ಅಂತ ಕೈಸನ್ನೆ ಮಾಡಿ ಹೇಳಿದ. ನಿನ್ನ ಹಗ್ಗದ ಹೊಲಿಗೆ ಮುಟ್ಟಿ ಮುಟ್ಟಿ ನೋಡಿದ. ಮಾಡಿದ್ದು ಯಾರು ಅಂತ ಕೇಳಿದ. ನಮ್ಮ ಮೊಯಿದಿನ್, ಬೆಂಗ್ರೆಯವನು ಅಂದೆ. ಅವನಿಗೆ ಏನು ತಿಳೀತೋ! ಇಗೋ, ಕೇಳು.”

ಗುರ್ ಗುರ್ ಎಂದು ಕಲ್ಲು ತಿರುಗುವ ಶಬ್ದ. ಅಲ್ಲಿ, ಅಷ್ಟು ದೂರದ ದೇಶದಲ್ಲಿ, ನಾನು ಕೂರಿಸಿದ ಕಲ್ಲು. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಎಲ್ಲರ ಮುಖ ನನ್ನ ಕಡೆ. ಒಬ್ಬರೂ ನಗುತ್ತಿರಲಿಲ್ಲ. ಒಬ್ಬ ಮುದುಕ ಎದ್ದು ಬಂದು ನನ್ನ ಭುಜ ಹಿಡಿದ.

ಲಾನ್ಸೆಲೊಟ್ ಕುರ್ಚಿಯಲ್ಲಿ ಹೊರಳಾಡಿದ. “ನೋಡಿ, ಹಗ್ಗ ಆದರೂ ಅದಕ್ಕೊಂದು ಲೆಕ್ಕ ಇರ್ತದೆ. ಇಷ್ಟು ತೂಕಕ್ಕೆ ಇಷ್ಟು ಸುತ್ತು ಅಂತ ನಾನೇ ಹೋಗಿ ಹೇಳಿಕೊಟ್ಟದ್ದು. ಅಲ್ವಾ ಮೊಯಿದಿನ್? ನಾವಿಬ್ರು ಸೇರಿ ಮಾಡಿದ್ದಲ್ವಾ?”

ಹದಿನೈದು ಜನ ಕಾಯುತ್ತಿದ್ದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಹೇಳಿದ್ದರೆ ಅವನು ಆ ಕೋಣೆಯಲ್ಲಿ ಮತ್ತೆ ತಲೆ ಎತ್ತುತ್ತಿರಲಿಲ್ಲ. ಅವನ ಮೇಲ್ದುಟಿಯ ಮೇಲೆ ಬೆವರು ಕಂಡಿತು. ಟೇಪಿನಲ್ಲಿ ಕ್ಲಾರಾ ಬಾಯಿ ಇನ್ನೂ ಕಡೆಯುತ್ತಲೇ ಇದ್ದರು.

ಲೋಟವನ್ನು ಪೆಟ್ರೊನಿಲ್ಲಾ ಬಾಯಿಯ ಕೈಗೆ ಕೊಟ್ಟೆ. ಹೊರಗೆ ಬಂದು ಚಪ್ಪಲಿ ಮೆಟ್ಟಿದೆ.

“ಮೊಯಿದಿನ್?” ಎಂದು ಅವನು ಮತ್ತೊಮ್ಮೆ ಕರೆದ.

ನಾನು ಅವಸರ ಮಾಡದೆ ಒಂದೊಂದೇ ಮೆಟ್ಟಿಲು ಇಳಿದು ನಡೆದೆ.