ಹಂಚು ಹೊದಿಸಿದ ವ್ಯಾನು

ಇನ್ನೊಂದು ಹಂಚು ಹಾರಿ ಹಿಂದಿನ ರಸ್ತೆಗೆ ಬಿದ್ದು ಪುಡಿಯಾದದ್ದು ಕುಶಲಾಳಿಗೆ ಸ್ಪಷ್ಟವಾಗಿ ಕೇಳಿಸಿತು. ವ್ಯಾನು ಓಡಿಸುತ್ತಿದ್ದ ಗಂಡ ಜಯಪಾಲ ಶೆಟ್ಟರಿಗೆ ಮಾತ್ರ ಕೇಳಿಸಲಿಲ್ಲ. ಬೇಡವೆನಿಸಿದ್ದು ಆ ಕಿವಿಗೆ ಯಾವತ್ತು ಕೇಳಿಸಿದೆ! ನೇತ್ರಾವತಿ ಸೇತುವೆ ಎದುರಿಗೇ ಇತ್ತು. ಕಡಲ ಕಡೆಯಿಂದ ಗಾಳಿ ಹೊಡೆದಾಗಲೆಲ್ಲ ವ್ಯಾನು ಕುಡುಕನ ಹಾಗೆ ಎಡಕ್ಕೆ ವಾಲುತ್ತಿತ್ತು.

"ಎಂತ ಕರ್ಮ ಮಾರಾಯ್ರೆ! ವ್ಯಾನಿಗೆ ಯಾರಾದ್ರೂ ಹಂಚು ಹಾಕ್ತಾರಾ?"

"ಮನೆ ಅಂದ ಮೇಲೆ ಹಂಚು ಬೇಡ್ವಾ?" ಎಂದರು ಶೆಟ್ಟರು.

ಮನೆಯಂತೆ, ಮನೆ! ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ದ ಮನುಷ್ಯ ನಿವೃತ್ತಿಯಾದೊಡನೆ ಹಳೆಯ ಮೆಟಡೋರ್ ವ್ಯಾನೊಂದನ್ನು ತಂದರು. ಒಳಗೆ ಮಂಚ, ಸೀಮೆಎಣ್ಣೆ ಸ್ಟವ್, ಕಿಟಕಿಗೆ ಪರದೆ. ಅಲ್ಲಿಗೆ ನಿಲ್ಲಿಸಬಾರದಿತ್ತೇ? ಮೇಲಿನ ತಗಡು ಕೊಯ್ಯಿಸಿ, ಪಕ್ಕಾಸು, ರೀಪು ಅಂತ ಮರದ ಪಟ್ಟಿ ಹೊಡೆಸಿ ಎಂಬತ್ತು ಹಂಚು ಹೊದಿಸಿದರು. ಬಲ್ಮಠದ ರಿಕ್ಷಾದವರು ನಕ್ಕು ನಕ್ಕು ಸುಸ್ತಾದರು. ಸಾಲದ್ದಕ್ಕೆ ಭಟ್ಟರಿಂದ ಮುಹೂರ್ತ ಬೇರೆ. ಇವತ್ತು ಸಂಜೆ ಉಳ್ಳಾಲದ ಕಡಲ ಬದಿಯಲ್ಲಿ ಹಾಲುಕ್ಕಿಸಿ ಒಕ್ಕಲಾಗಬೇಕಂತೆ. ತಪ್ಪಿದರೆ ಆಟಿ ತಿಂಗಳು ಕಳೆಯುವ ತನಕ ಒಳ್ಳೆಯ ದಿನವಿಲ್ಲವಂತೆ. ಬಿರುಗಾಳಿ ಬರುತ್ತದೆಂದು ರೇಡಿಯೊ ಬೆಳಗಿನಿಂದ ಅರಚುತ್ತಿತ್ತು. ಹೆಂಡತಿಯಿಲ್ಲದೆ ಹಾಲುಕ್ಕಿಸುವಂತಿಲ್ಲವೆಂದು ಅವಳನ್ನೂ ಹತ್ತಿಸಿಕೊಂಡು ಹೊರಟಿದ್ದರು. ಇಂಥ ಪೆದ್ದನ ಜೊತೆ ಇಪ್ಪತ್ತಾರು ವರ್ಷ ಹೇಗೆ ಕಳೆದೆನಪ್ಪಾ ಎಂದು ಅವಳಿಗೆ ಹೇಸಿಗೆಯಾಯಿತು.

ಸೇತುವೆಯ ನಡುವೆ ಬಂದಾಗ ಗಾಳಿ ಒಮ್ಮೆಲೇ ನುಗ್ಗಿತು. ಬಲಗಡೆಯ ಚಕ್ರಗಳು ನೆಲ ಬಿಟ್ಟು ಎದ್ದು, ದಡಕ್ಕನೆ ಕೂತವು. ಎಂಜಿನ್ ನಿಂತುಹೋಯಿತು. ಎಡಕ್ಕೆ ಮೊಣಕಾಲೆತ್ತರದ ಕಟ್ಟೆ, ಅದರ ಕೆಳಗೆ ಕೆಂಪು ನೀರು.

"ದೇವೆರೇ! ಹಂಚು ತೆಗೀರಿ! ಮೇಲಿನ ಭಾರಕ್ಕೇ ಮಗುಚುವುದು ಇದು. ಇನ್ನೊಂದು ಗಾಳಿ ಬಂದ್ರೆ ಇಬ್ಬರೂ ಹೊಳೆಗೇ."

ಶೆಟ್ಟರು ಅಲುಗಲಿಲ್ಲ. "ಇಪ್ಪತ್ತಾರು ವರ್ಷ ನಿನ್ನ ಮನೆಯಲ್ಲಿದ್ದೆ ಕುಶಲಾ," ಎಂದರು. "ಅಂಗಿ ತೂಗಹಾಕ್ಲಿಕ್ಕೆ ಒಂದು ಮೊಳೆ ಹೊಡೀಬೇಕಾದ್ರೂ ನಿನ್ನ ತಮ್ಮನ ಹತ್ರ ಕೇಳ್ತಿದ್ದೆ. ನನ್ನದು ಅಂತ ಇದೊಂದು ಉಂಟು."

ಕುಶಲಾಳ ಕುಟುಂಬದಲ್ಲಿ ಮನೆ ಹೆಣ್ಣುಮಕ್ಕಳಿಗೆ ಸೇರಿದ್ದು, ಯಜಮಾನಿಕೆ ಅವರ ಅಣ್ಣತಮ್ಮಂದಿರದ್ದು; ಗಂಡನಾದವನು ಬಂದು ಇರುವವನು. ಅದರಲ್ಲಿ ಅಳುವಂಥದ್ದು ಏನಿದೆ ಎಂದು ಅವಳಿಗೆ ಹೊಳೆಯಲಿಲ್ಲ.

"ಮೊಳೆಯ ಕಥೆ ಬದುಕಿದ್ರೆ ಹೇಳಿ. ನೀವು ತೆಗೀತೀರಾ, ನಾನು ತೆಗೀಲಾ?"

ಅವರು ಹಿಂದೆ ಹೋಗಿ ಮಂಚದ ಮೇಲೆ ಹತ್ತಿ, ಹಂಚುಗಳನ್ನು ಒಂದೊಂದಾಗಿ ಒಳಗಿನಿಂದಲೇ ಎತ್ತಿ ಅವಳ ಕೈಗೆ ಕೊಟ್ಟರು. ಅವಳು ಕಿಟಕಿಯಿಂದ ಹೊಳೆಗೆ ಎಸೆದಳು. ಪ್ರತಿಯೊಂದನ್ನೂ ಕೊಡುವ ಮುಂಚೆ ಅವರು ಅಂಗೈಯಿಂದ ಒರೆಸುತ್ತಿದ್ದರು. ಹೊಳೆಗೆ ಹೋಗುವ ಹಂಚನ್ನು ಒರೆಸುವುದೆಂದರೆ! ಬೈಯಬೇಕೆಂದು ಬಾಯಿ ತೆರೆದವಳು ಯಾಕೋ ಮುಂದಿನ ಹಂಚಿಗೆ ಕೈ ಚಾಚಿದಳು. ಕೊನೆಯ ಹಂಚೂ ಹೋದ ಮೇಲೆ ವ್ಯಾನು ಗಾಳಿಗೆ ಬರೀ ನಡುಗುತ್ತಿತ್ತು, ಏಳುತ್ತಿರಲಿಲ್ಲ. ಮಳೆ ನೇರ ಹಾಸಿಗೆಗೆ ಸುರಿಯಿತು.

ಅಷ್ಟರಲ್ಲಿ ಹಿಂದೆ ಒಂದು ಅಂಬಾಸಿಡರ್ ಬಂದು ನಿಂತಿತು. ಅಕ್ಕನಿಗೆ ಏನಾಯಿತೋ ಎಂದು ಹೆದರಿ ತಮ್ಮ ಚಿತ್ತರಂಜನ ಬೆನ್ನಿಗೇ ಬಂದಿದ್ದ. ವ್ಯಾನಿನ ಹಿಂಬಾಗಿಲು ತೆರೆದು, ಮೇಲೆ ಬಯಲಾದ ಆಕಾಶ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾನು ಮೊದಲೇ ಹೇಳ್ಲಿಲ್ವಾ ಅಕ್ಕ? ಹಂಚಂತೆ! ಮನೆಯಂತೆ! ನೀನು ಕಾರಿಗೆ ಬಾ. ಭಾವ ಈ ಕೋಳಿಗೂಡನ್ನು ತಳ್ಳಿಕೊಂಡು ಬರ್ಲಿ."

ಕೋಳಿಗೂಡು ಎನ್ನುವ ಮಾತು ಅವಳದೇ. ಊಟಕ್ಕೆ ಕೂತಾಗಲೆಲ್ಲ ಅದನ್ನೇ ಹೇಳಿ ತಮ್ಮನನ್ನು ನಗಿಸಿದ್ದಳು. ಈಗ ಅದೇ ಮಾತು ಮುಖಕ್ಕೆ ಉಗಿದಂತಾಯಿತು. ಶೆಟ್ಟರು ಯಾರನ್ನೂ ನೋಡದೆ, ತೊಯ್ದ ಹೊದಿಕೆಯನ್ನು ಎಳೆದು ಎಳೆದು ಸರಿಪಡಿಸುತ್ತಿದ್ದರು. ಅವಳಿಗೆ ಕೆಂಡದಂಥ ಸಿಟ್ಟು ಬಂತು.

ಚಿತ್ತರಂಜನ ಅವಳ ಕೈ ಹಿಡಿಯಲು ಒಂದು ಕಾಲನ್ನು ಒಳಗಿಟ್ಟ.

"ಚಪ್ಪಲ್ ಹೊರಗೆ ಬಿಟ್ಟು ಬಾ," ಎಂದಳು ಕುಶಲಾ.

"ಎಂತ?"

"ಕೇಳಿಸ್ಲಿಲ್ವಾ? ಚಪ್ಪಲ್ ಹೊರಗೆ."

ಅವನು ಅಕ್ಕನ ಮುಖ ನೋಡಿದ. ನಗು ನಿಂತಿತು. ಒಳಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದು, ಸುರಿಯುವ ಮಳೆಯಲ್ಲಿ ಸೇತುವೆಯ ಮೇಲೆ ಬಗ್ಗಿ, ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದ.