ಬಿಲ್ ನಂಬರ್ ಹದಿನೇಳು

"ಕೈಗೆ ಕೊಡ್ಬೇಡಮ್ಮ, ಮೇಜಿನ್ ಮೇಲಿಡು. ಏನಿದು, ಬಿಲ್ಲಾ? ನಂಬರಿಲ್ಲ, ತಾರೀಕಿಲ್ಲ. ನಿನ್ ಟ್ಯಾಂಕರಲ್ಲಿರೋದನ್ನೇ ಪೇಪರಿಗೆ ಬಳ್ಕೊಂಡ್ ಬಂದಿದೀಯ."

ಜೆ.ಪಿ. ನಗರದ ಆ ಅಪಾರ್ಟ್‌ಮೆಂಟಿನ ಖಜಾಂಚಿ ಜಯದೇವಪ್ಪ ಪೆನ್ನಿನ ತುದಿಯಿಂದ ಚೀಟಿಯನ್ನು ಹಿಂದಕ್ಕೆ ತಳ್ಳಿದರು. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಲತಾಮಣಿ ಒಂದೇ ಬಿಲ್ಲಿಗೆ ಮೂರನೆಯ ಸಲ ಬಂದು ನಿಂತಿದ್ದಳು. ಪಾಯಿಖಾನೆ ಗುಂಡಿ ಹೀರುವ ಹಳೆಯ ಟ್ಯಾಂಕರೊಂದನ್ನು ಸಾಲದಲ್ಲಿ ಕೊಂಡು ಅವಳೂ ಗಂಡ ಪ್ರಸನ್ನನೂ ಕಸುಬು ಶುರುಮಾಡಿ ಎರಡು ವರ್ಷವಾಗಿತ್ತು. ಜೊತೆಗೆ ಅವಳ ಸೋದರಮಾವ ಹಣಮಪ್ಪ. ಮೂವತ್ತು ವರ್ಷ ಗುಂಡಿಗಿಳಿದವನು, ಈಗ ಮೇಲೆ ನಿಂತು ಪೈಪು ಹಿಡಿಯುತ್ತಿದ್ದ.

"ಲೆಕ್ಕ ಬರೆಯೋಕ್ ಬರ್ದೆ ಇದ್ಮೇಲೆ ಓನರ್ ಅಂತ ಯಾಕ್ ಹೇಳ್ಕೋತೀಯ? ನಿಮ್ಮೋರಿಗೆ ಸಾಲ ಕೊಟ್ಟೋರು ಒಂದು ಸ್ಲೇಟೂ ಕೊಡ್ಬೇಕಿತ್ತು."

ಮುಂದಿನ ಸೋಮವಾರ ಅವಳು ಇಟ್ಟಮಡುವಿನ ಸಮುದಾಯ ಭವನಕ್ಕೆ ಹೋದಳು. ಸಣ್ಣ ವ್ಯಾಪಾರ ಮಾಡುವವರಿಗೆ ಅಲ್ಲಿ ಮಧ್ಯಾಹ್ನದ ಹೊತ್ತು ಲೆಕ್ಕಪತ್ರ ಕಲಿಸುತ್ತಿದ್ದರು. ಹಪ್ಪಳದವರು, ಬ್ಲೌಸ್ ಹೊಲಿಯುವವರು ಇದ್ದರು. ತನ್ನ ಕಸುಬು ಹೇಳಿದ್ದೇ ತಡ, ಪಕ್ಕದಲ್ಲಿದ್ದ ಬ್ಯೂಟಿ ಪಾರ್ಲರಿನ ಹೆಂಗಸು ತನ್ನ ಬ್ಯಾಗೆತ್ತಿಕೊಂಡು ಹಿಂದಿನ ಸಾಲಿಗೆ ಹೋದಳು.

ಕಲಿಸುತ್ತಿದ್ದವಳು ಅಂಜನಾ. "ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ," ಎಂದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಲತಾಮಣಿಗೆ ಎಡಬಲವೆಲ್ಲ ಕಲಸಿಹೋಯಿತು.

"ಸಾಲ ತಂದಿದ್ದು ಒಂದ್ಸಲ. ಎರಡು ಕಡೆ ಯಾಕ್ ಬರೀಬೇಕು ಮೇಡಂ?"

"ದುಡ್ಡು ಎಲ್ಲಿಗೆ ಬಂತು ಅಂತ ಒಂದ್ಕಡೆ, ಯಾರಿಂದ ಬಂತು ಅಂತ ಇನ್ನೊಂದ್ಕಡೆ. ಎರಡೂ ಬರೆದ್ರೇನೇ ಲೆಕ್ಕ."

ಮನೆಯಲ್ಲಿ ಕೂತು ಕೂಡಿದರೆ ಮುನ್ನೂರ ನಲವತ್ತು ಹೆಚ್ಚು. ಮತ್ತೆ ಕೂಡಿದರೆ ಐವತ್ತು ಕಡಿಮೆ. "ಥೂ, ನನ್ಮಗಂದು," ಎಂದು ಪುಸ್ತಕವನ್ನು ಗೋಡೆಗೆಸೆದಳು. ಪ್ರಸನ್ನ ನಕ್ಕ. ಅವಳು ಎದ್ದು ಹೋಗಿ ಎತ್ತಿಕೊಂಡು, ಹರಿದ ಹಾಳೆಗೆ ಅನ್ನದ ಅಗುಳು ಮೆತ್ತಿ ಮತ್ತೆ ಕೂತಳು. ಆರು ವಾರದಲ್ಲಿ ಬನಶಂಕರಿಯ ಪ್ರೆಸ್ಸಿನಲ್ಲಿ ಬಿಲ್ ಪುಸ್ತಕ ಅಚ್ಚಾಯಿತು. ಹದಿನಾರು ಬಿಲ್ಲನ್ನು ಯಾರೂ ವಾಪಸ್ ಕಳಿಸಲಿಲ್ಲ.

ಕೊನೆಯ ತರಗತಿಯ ದಿನ ಪರೀಕ್ಷೆ. ಮೊದಲ ಸಲ ಅವಳ ಎಡದ ಮೊತ್ತವೂ ಬಲದ ಮೊತ್ತವೂ ಒಂದೇ ಬಂತು. ಹೊರಗೆ ಬಂದು ಫೋನು ನೋಡಿದರೆ ಪ್ರಸನ್ನನಿಂದ ಹನ್ನೊಂದು ಕರೆ.

ಆಸ್ಪತ್ರೆಯಲ್ಲಿ ಹಣಮಪ್ಪನ ಬಾಯಿಗೆ ನಳಿಗೆ ಹಾಕಿದ್ದರು. ಕಣ್ಣು ಊದಿಕೊಂಡು ಮುಚ್ಚಿತ್ತು. ಗುಂಡಿಯ ವಿಷಗಾಳಿ ಕುಡಿದ ಎದೆ ಸರಿಹೋಗುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು.

"ಜೆ.ಪಿ. ನಗರದ ಗುಂಡಿ ತಳದಲ್ಲಿ ಗಟ್ಟಿ ಕಟ್ಟಿತ್ತು, ಪೈಪು ಎಳೀಲಿಲ್ಲ," ಎಂದ ಪ್ರಸನ್ನ. "ಮಾವ ಇಳಿಯಲ್ಲ ಅಂದ. ಜಯದೇವಪ್ಪ ಐನೂರು ಎಸೆದು ಕ್ವಾರ್ಟರ್ ತರ್ಸಿದ್ರು. ಇಳೀದಿದ್ರೆ ನಾಳೆಯಿಂದ ಗೇಟ್ ಹತ್ರ ಬರ್ಬೇಡಿ ಅಂದ್ರು."

"ನೀನೇನ್ ಮಾಡ್ತಿದ್ದೆ?"

"ನಿಂತಿದ್ದೆ."

"ಬೋಳಿಮಗನೆ, ಯಾರೂ ಇಳೀಬಾರ್ದು ಅಂತಲ್ವೇನೋ ಟ್ಯಾಂಕರ್ ತಗೊಂಡಿದ್ದು."

ನಾಲ್ಕನೆಯ ದಿನ ಜಯದೇವಪ್ಪನವರೇ ಕರೆಸಿದರು. ಕುರ್ಚಿ ತೋರಿಸಿದರು. ಪೇಪರ್ ಕಪ್ಪಿನಲ್ಲಿ ಟೀ ಬಂತು.

"ಗಾರ್ಡನ್‌ಗೆ ಗೊಬ್ಬರದ ಮಣ್ಣು, ಐದು ಲೋಡು ಅಂತ ಒಂದು ಬಿಲ್ ಬರಿ. ಮೂವತ್ತೆಂಟು ಸಾವಿರ. ನಿಮ್ ಆಸ್ಪತ್ರೆಗೂ ಆಯ್ತು, ನಮ್ ಆಡಿಟ್‌ಗೂ ಆಯ್ತು. ಈಗ ಬರೆಯೋಕೆ ಬರುತ್ತಲ್ಲ ನಿಂಗೆ."

ಆಸ್ಪತ್ರೆಗೆ ಮಾರನೆಯ ದಿನವೇ ನಲವತ್ತು ಸಾವಿರ ಕಟ್ಟಬೇಕಿತ್ತು. ಲತಾಮಣಿ ಪುಸ್ತಕ ತೆಗೆದು ಕಾರ್ಬನ್ ಇಟ್ಟಳು. ನಂಬರು ಹದಿನೇಳು. ತಾರೀಕು. ಅಪಾರ್ಟ್‌ಮೆಂಟ್ ಸಂಘದ ಹೆಸರು. ವಿವರದ ಸಾಲಿನಲ್ಲಿ ಪೆನ್ನು ಊರಿದಳು. ಆಮೇಲೆ ದುಂಡಗೆ ಬರೆದಳು: 'ಖಜಾಂಚಿಯವರ ಮಾತಿನಂತೆ ನಿಮ್ಮ ಮಲದ ಗುಂಡಿಗೆ ಮನುಷ್ಯನನ್ನು ಇಳಿಸಿದ್ದು. ಹೆಸರು ಹಣಮಪ್ಪ.' ಸಂಖ್ಯೆ: ಒಂದು. ದರದ ಜಾಗಕ್ಕೆ ಬಂದಾಗ ಏನು ಬರೆಯಬೇಕೆಂದು ತೋಚಲಿಲ್ಲ. ಖಾಲಿ ಬಿಟ್ಟು ಸಹಿ ಹಾಕಿದಳು.

ಜಯದೇವಪ್ಪ ಓದಿದರು. "ತಲೆ ಕೆಟ್ಟಿದೆಯೇನೇ ನಿಂಗೆ? ಇದು ಕೇಸಾಗುತ್ತೆ. ಓನರ್ ನೀನು, ಮೊದ್ಲು ನೀನೇ ಒಳಗ್ ಹೋಗೋದು."

"ಗೊತ್ತು ಸಾರ್. ಅದಕ್ಕೇ ಸಹಿ ಹಾಕಿದೀನಿ."

ಅವರು ಬಿಲ್ಲನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಲತಾಮಣಿ ಪುಸ್ತಕದಲ್ಲಿದ್ದ ಕಾರ್ಬನ್ ಪ್ರತಿಯನ್ನು ಹರಿದುಕೊಂಡು ಮೆಟ್ಟಿಲಿಳಿದಳು. ಸಂಘಕ್ಕೆ ಬಂದ ಕಾಗದಗಳಿಗೆ 'ತಲುಪಿದೆ' ಎಂದು ಸೀಲು ಹಾಕುವವನು ಗೇಟಿನ ಕಾವಲುಗಾರ ಗುಂಡಣ್ಣ. ಹಣಮಪ್ಪನನ್ನು ಹಗ್ಗ ಹಾಕಿ ಎಳೆದವರಲ್ಲಿ ಅವನೂ ಒಬ್ಬ.

"ಅಣ್ಣ, ಇದಕ್ಕೆ ಸೀಲ್ ಹಾಕ್ಕೊಡಿ."

ಗುಂಡಣ್ಣ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದುತ್ತಿದ್ದಾಗ ಇಂಟರ್‌ಕಾಂ ಬಡಿದುಕೊಂಡಿತು. ಮೇಲಿನ ಆಫೀಸಿನದು. ಅವನು ಅದನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಡಬ್ಬಿಯಲ್ಲಿ ಇಂಕು ಒಣಗಿತ್ತು. ಸೀಲನ್ನು ಬಾಯಿಯ ಹತ್ತಿರ ತಂದು ಉಸಿರು ಊದಿ, ಕಾಗದದ ಮೇಲಿಟ್ಟು ಎರಡೂ ಕೈಯಿಂದ ಒತ್ತಿದ. ಇಂಟರ್‌ಕಾಂ ಬಡಿದುಕೊಳ್ಳುತ್ತಲೇ ಇತ್ತು.