ಬಸ್ಯೂನಿಯ ಜರಡಿ

ನಗಾತ್ ತನ್ನ ಅಣ್ಣ ಸಬ್ರಿಯ ಕೈಯಿಂದ ಜರಡಿ ಕಿತ್ತುಕೊಂಡಳು. ಅಪ್ಪ ಬಸ್ಯೂನಿಯನ್ನು ಮಣ್ಣು ಮಾಡಿ ಬಂದ ಗಂಡಸರು ಇನ್ನೂ ಕಾಲು ತೊಳೆದಿರಲಿಲ್ಲ. ಆಗಲೇ ಸಬ್ರಿ ಮೀನುಮರಿ ವಿಂಗಡಿಸಲು ಕೊಳಕ್ಕೆ ಇಳಿದಿದ್ದ. ಬುರುಲ್ಲುಸ್ ಸರೋವರದ ಗಾಳಿಗೆ ಬೆನ್ನು ಕೊಟ್ಟು, ಕೊಳಗಳ ಯಜಮಾನ ಹಾಜಿ ಮೆತ್ವಲ್ಲಿ ದಂಡೆಯ ಮೇಲೆ ಜಪಮಣಿ ತಿರುಗಿಸುತ್ತಿದ್ದ.

"ಹೊಟ್ಟೆ ಉಬ್ಬಿದೆಯಲ್ಲೋ ಇವಕ್ಕೆ! ಮೇವು ಹಾಕಿದ್ಯಾ?" ಎಂದು ನಗಾತ್ ಅಣ್ಣನನ್ನು ಕೇಳಿದಳು.

"ಅಪ್ಪನ ಹೆಸರಲ್ಲಿ ದಾನ ಕಣೇ. ಬೆಳಿಗ್ಗೆ ಒಂದು ಮೂಟೆ ಸುರಿದೆ. ಮೂಕಜೀವ ತಿಂದ್ರೆ ಗೋರಿ ತಂಪಾಗುತ್ತೆ."

"ವಿಂಗಡಿಸೋ ಮರಿಗಳನ್ನ ಒಂದು ದಿನ ಉಪವಾಸ ಕೆಡವಬೇಕು. ತುಂಬಿದ ಹೊಟ್ಟೇಲಿ ಜರಡಿಗೆ ಹಾಕಿದ್ರೆ ಸತ್ತೇ ಹೋಗ್ತವೆ. ಅಪ್ಪ ಮೂವತ್ತು ವರ್ಷ ಮಾಡಿದ ಕೆಲಸ, ಇಷ್ಟೂ ಗೊತ್ತಿಲ್ವಾ?"

ಹಾಜಿ ಗಂಟಲು ಸರಿಮಾಡಿಕೊಂಡ. "ಒಳಗೆ ಹೆಂಗಸರ ಜೊತೆ ಕೂತ್ಕೋ ಹೋಗಮ್ಮ. ದೊಡ್ಡ ಮರಿ ಒಯ್ಯೋ ಲಾರಿ ಸಂಜೆಗೆ ಬರುತ್ತೆ. ಬಸ್ಯೂನಿ ಜಾಗಕ್ಕೆ ಮಗ ಬಂದಿದ್ದಾನೆ. ಅಪ್ಪನದು ಹದ್ದಿನ ಕಣ್ಣು, ಮಗನಿಗೂ ಬಂದಿರುತ್ತೆ."

ಹದ್ದಿನ ಕಣ್ಣಂತೆ! ನಗಾತಳ ಮೈಯೆಲ್ಲ ಉರಿಯಿತು.

*

ಆರು ವರ್ಷದ ಹಿಂದೆಯೇ ಆ ಕಣ್ಣಿಗೆ ಪೊರೆ ಬಂದಿತ್ತು. ಜರಡಿ ಅಪ್ಪನ ಕೈಯಲ್ಲಿ, ನೋಟ ಇವಳದು. ದೊಡ್ಡ ಮರಿಗಳು ಜರಡಿಯಲ್ಲಿ ಉಳಿಯುತ್ತಿದ್ದವು, ಸಣ್ಣವು ಕೆಳಗೆ ಜಾರುತ್ತಿದ್ದವು; ನಡುಗಾತ್ರದವನ್ನು ಇವಳು ಕಣ್ಣಳತೆಯಲ್ಲೇ ಬೇರೆ ಮಾಡುತ್ತಿದ್ದಳು.

"ಸಣ್ಣವು ದಂಡ ಅಲ್ಲ ಕಣೇ," ಎನ್ನುತ್ತಿದ್ದ ಅಪ್ಪ. "ದೊಡ್ಡವು ಮೇವಿನ ಹತ್ರ ಬಿಡಲ್ಲ, ಬಾಲ ಕಚ್ತವೆ. ಬೇರೆ ಕೊಳಕ್ಕೆ ಬಿಟ್ಟು ನೋಡು, ತಿಂಗಳಲ್ಲಿ ಹೆಂಗೆ ಮೈ ತುಂಬ್ಕೋತವೆ!"

ಮೀನಿನ ಬಗ್ಗೆ ಇಷ್ಟು ತಿಳಿದವನು ಮನೆಯಲ್ಲಿ ಮಾತ್ರ ತಟ್ಟೆಯನ್ನು ಮೊದಲು ಸಬ್ರಿಯ ಮುಂದೆಯೇ ಸರಿಸುತ್ತಿದ್ದ. ಶಾಲೆಯೂ ಅವನಿಗೇ. "ಗಂಡು ಹುಡುಗ, ಬೆಳೀಬೇಕು." ಅಪ್ಪ ಸತ್ತರೂ ಆ ಸಿಟ್ಟು ಆರಿರಲಿಲ್ಲ. ಬೆಳಗಿನಿಂದ ನಗಾತ್‌ಗೆ ಅಳು ಬಾರದಿದ್ದುದು ಅದಕ್ಕೇ.

*

"ಹಾಜಿ, ಆರು ವರ್ಷ ವಿಂಗಡಿಸಿದ್ದು ನಾನು. ನಿಮಗೂ ಗೊತ್ತಿತ್ತು. ಈ ಕೆಲಸ ನನ್ನದು."

"ಅಪ್ಪ ಪಕ್ಕದಲ್ಲಿದ್ದ, ನಡೀತು. ಒಬ್ಬಳೇ ಕೊಳಕ್ಕಿಳಿದ್ರೆ ಜನ ಏನಂತಾರೆ?"

"ಕೊಡೇ ಇಲ್ಲಿ, ಮಾನ ಕಳೀಬೇಡ," ಎಂದು ಸಬ್ರಿ ಕೈಚಾಚಿದ.

"ಮರಿಗಳ ಹೊಟ್ಟೆ ಖಾಲಿಯಾಗಲಿ, ನಾಳೆ ಜರಡಿ ನಾನೇ ಹಿಡೀತೀನಿ. ಇವತ್ತು ಒಂದು ಮರೀನೂ ಮುಟ್ಟೋಕೆ ಬಿಡಲ್ಲ."

ಲಾರಿ ಬರುವ ದಂಡೆಯ ದಾರಿಯಲ್ಲೇ ಜರಡಿಯನ್ನು ಕವುಚಿ ಹಾಕಿ, ಅದರ ಮೇಲೆ ಕೂತುಬಿಟ್ಟಳು.

ಸಂಜೆ ಶೋಕಕ್ಕೆ ಬಂದ ಹೆಂಗಸರು ಮನೆಯಲ್ಲಿ ಮಗಳನ್ನು ಕಾಣದೆ ಹುಡುಕಿಕೊಂಡು ಬಂದರು. ಸತ್ತವನ ಮಗಳು ಕೂತಲ್ಲೇ ಅವರಿಗೆ ಸಾವಿನ ಮನೆ. ಒಬ್ಬೊಬ್ಬರಾಗಿ ಕಪ್ಪು ಬಟ್ಟೆ ಮಡಿಸಿಕೊಂಡು ಕೆಸರಿನಲ್ಲೇ ಅವಳ ಸುತ್ತ ಕೂತರು. ಲಾರಿ ಬಂತು, ಎರಡು ಸಲ ಹಾರನ್ ಹೊಡೆಯಿತು. ದಂಡೆಯ ತುಂಬ ಹೆಂಗಸರು, ಮುಂದೆ ಹೋಗಲು ದಾರಿಯಿರಲಿಲ್ಲ.